ಕಂಪನಿಯ ರೈಲು, ಕಂದಾಯದ ಹಣ: ಹತ್ತೊಂಬತ್ತನೆಯ ಶತಮಾನದ ಒಂದು ವಿವಾದ

ಪ್ರಶ್ನೆ

1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಓಡಿದ ರೈಲಿನ ಹಿಂದೆ ಇದ್ದದ್ದು ಇಂಗ್ಲೆಂಡಿನ ಖಾಸಗಿ ಕಂಪನಿ. ಹೀಗಿದ್ದೂ ದಾದಾಭಾಯಿ ನವರೋಜಿ, ರಮೇಶಚಂದ್ರ ದತ್ತರಂಥವರು ಈ ರೈಲ್ವೆಗಳ ಭಾರ ಭಾರತೀಯರ ಮೇಲೆ ಬಿದ್ದಿತೆಂದು ದೂರಿದರು. ಬಂಡವಾಳ ಖಾಸಗಿಯವರದಾಗಿದ್ದ ಮೇಲೆ ಇಲ್ಲಿಯ ರೈತ ತೆತ್ತದ್ದಾದರೂ ಏನು?

ಉತ್ತರ 1

ಬಂಡವಾಳ ಕಂಪನಿಯದಾಗಿತ್ತು, ನಷ್ಟದ ಹೊಣೆ ಮಾತ್ರ ಅದರದಾಗಿರಲಿಲ್ಲ. 1849ರ ಒಪ್ಪಂದಗಳ ಪ್ರಕಾರ ಸರ್ಕಾರವು ಭೂಮಿಯನ್ನು ಪುಕ್ಕಟೆಯಾಗಿ ಒದಗಿಸಿ, ಹೂಡಿದ ಹಣಕ್ಕೆ ಶೇ. 5ರ ಪ್ರತಿಫಲದ ಖಾತರಿ ನೀಡಿತ್ತು. ಗಳಿಕೆ ಅಷ್ಟಕ್ಕೆ ಸಾಲದಿದ್ದರೆ ಕೊರತೆಯನ್ನು ಭಾರತದ ಬೊಕ್ಕಸದಿಂದ ತುಂಬಿಕೊಡಬೇಕಿತ್ತು. ಹೀಗಾಗಿ ಮಿತವ್ಯಯ ಮಾಡಬೇಕಾದ ಒತ್ತಡವೇ ಕಂಪನಿಗಳಿಗಿರಲಿಲ್ಲ. ಭಾರತ ಸರ್ಕಾರದ ಹಣಕಾಸು ಸದಸ್ಯರಾಗಿದ್ದ ವಿಲಿಯಂ ಮ್ಯಾಸಿಯವರೇ 1872ರಲ್ಲಿ ಸಂಸತ್ತಿನ ಸಮಿತಿಯ ಮುಂದೆ, ಖಾತರಿ ಇರುವವರೆಗೆ ತನ್ನ ಹಣ ಹೂಗ್ಲಿ ನದಿಯ ಪಾಲಾದರೂ ಇಟ್ಟಿಗೆ ಗಾರೆಯಾದರೂ ಹೂಡಿಕೆದಾರನಿಗೆ ಒಂದೇ ಎಂಬರ್ಥದ ಸಾಕ್ಷ್ಯ ನುಡಿದರು. ಬೊಕ್ಕಸಕ್ಕೆ ಕಂದಾಯ ಕಟ್ಟುತ್ತಿದ್ದ ರೈತನನ್ನು ಈ ಒಪ್ಪಂದದ ಯಾವ ಹಂತದಲ್ಲಿಯೂ ಯಾರೂ ಕೇಳಲಿಲ್ಲ. ನನ್ನ ದೃಷ್ಟಿಯಲ್ಲಿ ಖಾತರಿಯ ದರಕ್ಕಿಂತ ಘೋರವಾದ ಅನ್ಯಾಯ ಇದೇ.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಈ ವಿವಾದ ಆಳುವವರ ನಡುವೆಯೂ ಇತ್ತೆಂಬುದನ್ನು ಮರೆಯಬಾರದು. ವೈಸ್‌ರಾಯ್ ಲಾರೆನ್ಸ್, ಲಾಭ ಕಂಪನಿಗೆ, ನಷ್ಟ ಸರ್ಕಾರಕ್ಕೆ ಎಂಬ ಏರ್ಪಾಡನ್ನು ಕಟುವಾಗಿ ಟೀಕಿಸಿದರು. 1869ರ ನಂತರ ಕೆಲವು ಕಾಲ ಸರ್ಕಾರವೇ ಸಾಲ ಎತ್ತಿ ಮಾರ್ಗಗಳನ್ನು ನಿರ್ಮಿಸಿತು. ನೀರಾವರಿ ಎಂಜಿನಿಯರ್ ಆರ್ಥರ್ ಕಾಟನ್ ಅವರಂತೂ ರೈಲಿಗಿಂತ ಕಾಲುವೆಗಳಿಗೆ ಹಣ ಹಾಕಬೇಕೆಂದು ಪಟ್ಟುಹಿಡಿದಿದ್ದರು. ಆದರೆ ತುಂಗಭದ್ರೆಯ ಸುಂಕೇಶುಲದಿಂದ ಕರ್ನೂಲು–ಕಡಪ ಕಾಲುವೆ ತೋಡಿದ ಮದ್ರಾಸ್ ಇರಿಗೇಷನ್ ಕಂಪನಿಗೂ ಇದೇ ಶೇ. 5ರ ಖಾತರಿಯಿತ್ತು, ಕಾಲುವೆ ಲಾಭ ತರದೆ, ಕೊನೆಗೆ 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಳ್ಳಬೇಕಾಯಿತು. ಆದ್ದರಿಂದ ದೋಷವನ್ನು ರೈಲಿನಲ್ಲಿಯೋ ಕಾಲುವೆಯಲ್ಲಿಯೋ ಹುಡುಕದೆ ಖಾತರಿಯ ಷರತ್ತಿನಲ್ಲಿಯೇ ಹುಡುಕಬೇಕು.

ಉತ್ತರ 3

ಮೈಸೂರಿನ ಅನುಭವವನ್ನೂ ಇಲ್ಲಿ ಸೇರಿಸಬೇಕೆನಿಸುತ್ತದೆ. 1876–78ರ ಭೀಕರ ಕ್ಷಾಮದ ಬೆನ್ನಿಗೇ ಕೈಗೆತ್ತಿಕೊಂಡು, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 1882ರಲ್ಲಿ ಮುಗಿಸಿದ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಮಾರ್ಗ ಸಂಸ್ಥಾನದ ಸ್ವಂತ ಹಣದಿಂದ ಆದದ್ದು. ಆದರೆ ಕ್ಷಾಮಕಾಲದಲ್ಲಿ ಬ್ರಿಟಿಷ್ ಸರ್ಕಾರದಿಂದ ಪಡೆದ 80 ಲಕ್ಷ ರೂಪಾಯಿಯ ಸಾಲ ಹೆಗಲ ಮೇಲಿದ್ದಾಗ ಮುಂದಿನ ಮಾರ್ಗಗಳಿಗೆ ಹಣ ಹೊಂದಿಸುವುದು ಸುಲಭವಾಗಿರಲಿಲ್ಲ. ಈ ಹಣದ ಮುಗ್ಗಟ್ಟಿನಲ್ಲಿಯೇ 1886ರಲ್ಲಿ ಈ ಮಾರ್ಗವು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈ ಸೇರಿತು. ಹಾಗಾಗಿ ಹಣ ಹಾಕಿದವರು ಯಾರು ಎಂದು ಕೇಳುವಾಗ, ಕೈಯಲ್ಲಿ ಹಣವಿಲ್ಲದ ಸರ್ಕಾರ ಯಾವ ಷರತ್ತುಗಳಿಗೆ ತಲೆಬಾಗಬೇಕಾಯಿತು ಎಂಬುದನ್ನೂ ಜೊತೆಗೇ ಕೇಳಬೇಕು.