ಸರ್ಕಾರವೇ ಉಪವಾಸ ಮಾಡಿ, ಪ್ರಾರ್ಥನೆ ಮಾಡಿ ಅಂತ ಕರೆ ಕೊಡುವುದು ಸರಿಯಾ?

ಮುಳಬಾಗಿಲು_ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿ ಸೋಮವಾರ ರಾತ್ರಿ ಊಟ ಮಾಡುವುದಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ನೋಡುತ್ತಿದ್ದೇನೆ. ಶಿವನ ಒಪ್ಪತ್ತು ಇರಬೇಕು ಅಂದುಕೊಂಡು ಸುಮ್ನೆ ಇದ್ದೆ. ಈಗ ಅವರಿಗೆ 79. ಶುಗರ್ ಮಾತ್ರೆ ಬೇರೆ. ರಾತ್ರಿ ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಬೆಳಗ್ಗೆ ಲೋಟ ಹಿಡಿಯುವಾಗ ಕೈ ನಡುಗುತ್ತದೆ. ಹೋದ ವಾರ ಬೇಜಾರಾಗಿ, ಇನ್ನು ಸಾಕು ಬಿಡಜ್ಜಿ, ಶಿವ ಏನೂ ಅಂದುಕೊಳ್ಳಲ್ಲ ಅಂದೆ. ಅದಕ್ಕೆ ಅವರು, "ಶಿವ ಅಲ್ಲ ಕಣೇ, ಶಾಸ್ತ್ರಿ ಹೇಳಿದ್ದು" ಅಂದರು.

ಲಾಲ್ ಬಹದ್ದೂರ್ ಶಾಸ್ತ್ರಿ! 1965ರಲ್ಲಿ ಅಜ್ಜಿ ಮದುವೆಯಾಗಿ ಬಂದ ಹೊಸತು. ಒಂದು ಕಡೆ ಪಾಕಿಸ್ತಾನದ ಜೊತೆ ಯುದ್ಧ, ಇನ್ನೊಂದು ಕಡೆ ಬರ. ಅಮೆರಿಕದ ಗೋಧಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವ ಕಾಲ. ವಾರಕ್ಕೆ ಒಂದು ಹೊತ್ತು, ಸೋಮವಾರ ರಾತ್ರಿ, ಊಟ ಬಿಡಿ ಅಂತ ಪ್ರಧಾನಿ ಕೇಳಿಕೊಂಡರು. ನಮ್ಮ ಮನೆಯಲ್ಲಿ ಬಿಟ್ಟರು. ಶಾಸ್ತ್ರಿಯವರು 1966ರ ಜನವರಿಯಲ್ಲಿ ತೀರಿಕೊಂಡರು, ಅಜ್ಜಿಯ ಸೋಮವಾರ ಮಾತ್ರ ನಿಲ್ಲಲಿಲ್ಲ.

ಅವತ್ತಿನಿಂದ ಇದನ್ನೇ ಓದುತ್ತಿದ್ದೇನೆ. ಅಮೆರಿಕದಲ್ಲಿ ಲಿಂಕನ್ 1863ರಲ್ಲಿ ಇಡೀ ದೇಶಕ್ಕೆ ಉಪವಾಸ, ಪ್ರಾರ್ಥನೆಯ ದಿನ ಅಂತ ಘೋಷಣೆ ಹೊರಡಿಸಿದ್ದರಂತೆ. ಶಾಸ್ತ್ರಿಯವರದು ಅನ್ನ ಉಳಿಸುವ ಮಾತು, ಅದು ನನಗೆ ಅರ್ಥವಾಗುತ್ತದೆ. ಆದರೆ ಸರ್ಕಾರ ದೇವರ ಹೆಸರು ಹೇಳಿ ಉಪವಾಸಕ್ಕೆ ಕರೆಯಬಹುದಾ? ಅದರಿಂದ ಜನಕ್ಕೆ ಧೈರ್ಯ ಬರುತ್ತದಾ, ಇಲ್ಲಾ ಸರ್ಕಾರ ತನ್ನ ಜವಾಬ್ದಾರಿ ದೇವರ ಮೇಲೆ ಹಾಕಿದ ಹಾಗಾ? ತಿಳಿದವರು ಹೇಳಿ.

ಕೆರೆಕೋಡಿ

ಅಕ್ಕಾ, ನಾನು ಕೋಲಾರದ ಹತ್ತಿರದ ರೈತ. ನೇರವಾಗಿ ಹೇಳುತ್ತೇನೆ, ಸರ್ಕಾರ ಮಾಡಬಾರದು. ಅಮೆರಿಕದವರೆಗೂ ಹೋಗುವುದು ಬೇಡ, ನಮ್ಮಲ್ಲೇ ಆಗಿದೆ. 2012ರ ಬರದಲ್ಲಿ ರಾಜ್ಯದ 34 ಸಾವಿರ ಮುಜರಾಯಿ ದೇವಸ್ಥಾನಗಳಲ್ಲಿ ಮಳೆಗಾಗಿ ಪೂಜೆ ಮಾಡಿಸಿ ಅಂತ ಆದೇಶ ಬಂತು, ಒಂದೊಂದಕ್ಕೆ 5 ಸಾವಿರ ರೂಪಾಯಿ. ಲೆಕ್ಕ ಹಾಕಿ, 17 ಕೋಟಿ ಆಯಿತು. ಮತ್ತೆ 2019ರ ಜೂನ್‌ನಲ್ಲಿ ಪರ್ಜನ್ಯ ಹೋಮ, ಶೃಂಗೇರಿ ಹತ್ತಿರ ಕಿಗ್ಗದ ಋಷ್ಯಶೃಂಗ ದೇವಸ್ಥಾನಕ್ಕೆ ಮಂತ್ರಿಗಳೇ ಹೋದರು. ಎರಡು ಸಲ ಎರಡು ಬೇರೆ ಪಕ್ಷಗಳ ಸರ್ಕಾರ, ಆದ್ದರಿಂದ ಇದು ಒಂದು ಪಕ್ಷದ ಮೇಲಿನ ದೂರು ಅಲ್ಲ.

ನಮ್ಮೂರ ಕೆರೆಯ ಕಥೆ ಕೇಳಿ. ನಾನು ಹುಡುಗನಾಗಿದ್ದಾಗ ಹೊಲಗಳಿಗೆ ನೀರು ಬಿಡುವ ನೀರುಗಂಟಿ, ಕೆರೆಯ ನೀರು ಹೊರಬಿಡುವ ತೂಬಿಗೆ ಇಳಿದರೆ ತಲೆ ಕಾಣುತ್ತಿರಲಿಲ್ಲ. ಈಗ ಅದೇ ತೂಬಿನ ಕಲ್ಲಿನ ಮೇಲೆ ಕುರಿ ಹತ್ತುತ್ತದೆ, ಅಷ್ಟು ಹೂಳು. ಕಾಲುವೆ ಒತ್ತುವರಿಯಾಗಿ ಅದರ ಮೇಲೆ ಟೊಮೇಟೊ ಹಾಕಿದ್ದಾರೆ. ಮಳೆ ಬಂತು ಅಂತಲೇ ಇಟ್ಟುಕೊಳ್ಳಿ, ನೀರು ಎಲ್ಲಿ ನಿಲ್ಲಬೇಕು? ನಾನು ದೇವರನ್ನು ನಂಬುವವನೇ, ಕೋಲಾರಮ್ಮನಿಗೆ ಕೈ ಮುಗಿಯದೆ ಬಿತ್ತನೆ ಶುರು ಮಾಡಿದವನಲ್ಲ. ಆದರೆ ಕೈ ಮುಗಿಯುವುದು ನನ್ನ ಕೆಲಸ, ಹೂಳು ತೆಗೆಸುವುದು ಸರ್ಕಾರದ ಕೆಲಸ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ನಮ್ಮ ಕಡೆಯ ಲಕ್ಷ್ಮಿಸಾಗರ ಕೆರೆಗೆ ಬಂತು. ಅದು ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳ ಇನ್ನೂ ಇದೆ. ಆದರೂ ಅದು ಪೈಪು ಹಾಕಿದ್ದಕ್ಕೆ ಬಂತು.

ಹಳೇ_ಮೇಷ್ಟ್ರು

ಕೆರೆಕೋಡಿಯವರ ಸಿಟ್ಟು ನ್ಯಾಯವೇ. ಚಿಕ್ಕಬಳ್ಳಾಪುರದ ಕಡೆ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು, ಲಿಂಕನ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನಮ್ಮಾ.

ಉಪವಾಸದ ದಿನ ಬೇಕು ಅಂತ ಮೊದಲು ಕೇಳಿದ್ದು ಅಲ್ಲಿನ ಸಂಸತ್ತಿನ ಮೇಲ್ಮನೆ, ಸೆನೆಟ್. ಲಿಂಕನ್ 1863ರ ಮಾರ್ಚ್ 30ರಂದು ಸಹಿ ಹಾಕಿದರು. ಉಪವಾಸದ ದಿನ ಏಪ್ರಿಲ್ 30, ಗುರುವಾರ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ ಶುರುವಾಗಿ ಎರಡು ವರ್ಷ ಆಗಿತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಆ ಘೋಷಣೆಯ ಧಾಟಿ. ಶತ್ರುವನ್ನು ಸೋಲಿಸು ಅಂತ ದೇವರನ್ನು ಕೇಳುವುದಿಲ್ಲ. ಈ ಯುದ್ಧ ನಾವೇ ಮಾಡಿದ ಪಾಪಕ್ಕೆ ಬಂದ ಶಿಕ್ಷೆ ಇರಬಹುದು, ಸಂಪತ್ತು ಬಲ ಹೆಚ್ಚಿದ ಹಾಗೆ ಸೊಕ್ಕು ಬಂತು, ದೇವರನ್ನು ಮರೆತೆವು ಅನ್ನುತ್ತದೆ. ಯುದ್ಧದ ನಡುವೆ ಒಂದು ಸರ್ಕಾರ ತಪ್ಪು ನಮ್ಮದೂ ಇದೆ ಅಂತ ಬರೆದು ಸಹಿ ಹಾಕುವುದು ಸಣ್ಣ ಮಾತಲ್ಲ. ಕೆರೆ ಹೂಳು ತೆಗೆಸದೆ ಹೋಮ ಮಾಡಿಸುವವರ ಬಾಯಲ್ಲಿ ಆ ಮಾತು ಬಂದಿದ್ದನ್ನು ನಾನಂತೂ ಕೇಳಿಲ್ಲ.

ಇನ್ನೊಂದು ಮುಖವೂ ಇದೆ. ಅದೇ ವರ್ಷ ಮಾರ್ಚ್ 27ರಂದು ಯುದ್ಧದಲ್ಲಿ ಎದುರು ಬಣದ, ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ಕೂಡ ಉಪವಾಸದ ದಿನ ಮಾಡಿಸಿದ್ದರು. ಇಬ್ಬರೂ ಓದುವುದು ಒಂದೇ ಬೈಬಲ್, ಬೇಡುವುದು ಒಂದೇ ದೇವರನ್ನು ಅಂತ 1865ರ ಭಾಷಣದಲ್ಲಿ ಲಿಂಕನ್ನರೇ ಹೇಳಿದರು.

ಇನ್ನು 1853ರಲ್ಲಿ ಕಾಲರಾ ಬಂದಾಗ ಎಡಿನ್‌ಬರೋದ ಪಾದ್ರಿಗಳು ರಾಷ್ಟ್ರೀಯ ಉಪವಾಸದ ದಿನ ಬೇಕು ಅಂತ ಬ್ರಿಟನ್ನಿನ ಗೃಹಮಂತ್ರಿ ಪಾಮರ್‌ಸ್ಟನ್‌ಗೆ ಪತ್ರ ಬರೆದರು. ಮೊದಲು ಬಡವರ ಕೇರಿಗಳ ಕೊಳಕು ತೆಗೆಸಿ, ಅದು ಬಿಟ್ಟರೆ ಎಷ್ಟು ಪ್ರಾರ್ಥನೆ ಮಾಡಿದರೂ ರೋಗ ಹೋಗುವುದಿಲ್ಲ ಅನ್ನುವ ಅರ್ಥದ ಉತ್ತರ ಬಂತು. ಕೆರೆಕೋಡಿಯವರು ಹೇಳಿದ್ದೂ ಇದನ್ನೇ ಅಲ್ವಾ?

ಚಿಂತಾಮಣಿ_ರೇಷ್ಮೆ

ಮೇಷ್ಟ್ರೇ, ಒಂದು ಹೆಸರು ನಾನು ಸೇರಿಸುತ್ತೇನೆ. ಲಿಂಕನ್ನರಿಗಿಂತ ಮುಂಚೆ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಉಪವಾಸದ ದಿನ ಘೋಷಿಸಲು ಒಪ್ಪಲಿಲ್ಲ. 1808ರ ಒಂದು ಪತ್ರದಲ್ಲಿ ಕಾರಣ ಬರೆದಿದ್ದಾರೆ. ಬರೀ ಶಿಫಾರಸು ಅಂದರೂ ಸರ್ಕಾರದ ಬಾಯಿಂದ ಬಂದರೆ ಅದಕ್ಕೆ ತೂಕ ಇರುತ್ತದೆ, ಪಾಲಿಸದವನನ್ನು ಜನ ಬೇರೆ ಕಣ್ಣಿನಿಂದ ನೋಡುತ್ತಾರೆ, ಅದೂ ಒಂದು ಶಿಕ್ಷೆಯೇ ಅಂತ. ನಾನು ಮುಸ್ಲಿಂ. ಇದು ನನಗೆ ಓದಿ ತಿಳಿಯಬೇಕಾದ ವಿಷಯ ಅಲ್ಲ.

ಚಿಕ್ಕವನಿದ್ದಾಗ ಒಂದು ವರ್ಷ ಮಳೆ ಪೂರ್ತಿ ಕೈಕೊಟ್ಟಿತು. ಹಿಪ್ಪುನೇರಳೆ ಎಲೆ ಗಿಡದಲ್ಲೇ ಸುಟ್ಟುಹೋಯಿತು, ರೇಷ್ಮೆ ಹುಳುವನ್ನು ಮೂರನೇ ಜ್ವರಕ್ಕೇ, ಅಂದರೆ ಮೂರನೇ ಸಲ ಪೊರೆ ಬಿಡುವ ಹೊತ್ತಿಗೇ, ಚೆಲ್ಲಿದೆವು. ಅಪ್ಪ ನನ್ನನ್ನು ಈದ್ಗಾಕ್ಕೆ ಕರೆದುಕೊಂಡು ಹೋದರು, ಮಳೆ ಕೇಳುವ ನಮಾಜಿಗೆ. ಇಮಾಮರು ಹೊದ್ದಿದ್ದ ಶಾಲನ್ನು ಒಳಗಿನದು ಹೊರಗೆ ಮಾಡಿ ಹಾಕಿಕೊಂಡರು, ನಮ್ಮ ಸ್ಥಿತಿಯೂ ಹೀಗೆ ಮಗುಚಲಿ ಅಂತ. ವಾಪಸ್ ಬರುವಾಗ ಎದುರಿಗೆ ಮಳೆರಾಯನನ್ನು ಹೊತ್ತ ಹುಡುಗರು ಬಂದರು. ನನ್ನ ಕ್ಲಾಸಿನವನ ತಲೆಯ ಮೇಲೇ ಹಲಗೆ, ಅದರ ಮೇಲೆ ಮಣ್ಣಿನ ಗೊಂಬೆ, ಮನೆ ಮನೆಯಲ್ಲೂ ಅದಕ್ಕೆ ನೀರು ಸುರಿದು ಅವನ ಚಡ್ಡಿಯೆಲ್ಲಾ ಕೆಸರು. ನಮ್ಮಪ್ಪ ನಿಂತು, ಜೇಬಿನಲ್ಲಿದ್ದ ಚಿಲ್ಲರೆ ಕೊಟ್ಟರು. ಯಾವ ಇಲಾಖೆಯೂ ಆದೇಶ ಕಳಿಸಿರಲಿಲ್ಲ. ಆದೇಶ ಬಂದಿದ್ದರೆ ಯಾರು ಬಂದರು ಯಾರು ಬರಲಿಲ್ಲ ಅಂತ ಎಣಿಸುವವರೂ ಬರುತ್ತಿದ್ದರು. ನಿಮ್ಮ ಅಜ್ಜಿಯ ಸೋಮವಾರದಲ್ಲಿ ಆ ಕಷ್ಟ ಇಲ್ಲ. ಹಸಿವು ಎಲ್ಲ ಧರ್ಮದವರಿಗೂ ಒಂದೇ, ಯಾರು ಬೇಕಾದರೂ ಮಾಡಬಹುದಿತ್ತು. ಅದಕ್ಕೇ ಅದು ಇಷ್ಟವಾಯಿತು.

ಬಂಗಾರಪೇಟೆ_ಸಿಸ್ಟರ್

ಚರ್ಚೆ ಚೆನ್ನಾಗಿದೆ, ಆದರೆ ಅಜ್ಜಿಯ ವಿಷಯ ಮರೆಯಬೇಡಿ. ನಾನು ನರ್ಸ್. ಶುಗರ್ ಮಾತ್ರೆ ತಗೊಂಡು ರಾತ್ರಿ ಊಟ ಬಿಟ್ಟರೆ ಶುಗರ್ ತುಂಬಾ ಇಳಿದುಬಿಡಬಹುದು, ಕೈ ನಡುಗುವುದು ಅದರ ಗುರುತು. ವಯಸ್ಸಾದವರಿಗೆ ನಿದ್ದೆಯಲ್ಲೇ ಹಾಗಾದರೆ ಪಕ್ಕದಲ್ಲಿ ಮಲಗಿದವರಿಗೂ ಗೊತ್ತಾಗುವುದಿಲ್ಲ. ಸೋಮವಾರದ ಮಾತ್ರೆ ಏನು ಮಾಡಬೇಕು ಅಂತ ಡಾಕ್ಟರನ್ನು ಈ ವಾರವೇ ಕೇಳಿ. ನೀವೇ ನಿಲ್ಲಿಸಬೇಡಿ, ಖಾಲಿ ಹೊಟ್ಟೆಯಲ್ಲೂ ಮಲಗಿಸಬೇಡಿ.

ಮುಳಬಾಗಿಲು_ಮೊಮ್ಮಗಳು

ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್, ನಾಳೆಯೇ ಡಾಕ್ಟರ ಹತ್ತಿರ ಹೋಗುತ್ತೇವೆ. ನಿಮ್ಮೆಲ್ಲರ ಉತ್ತರ ಅಜ್ಜಿಗೆ ಓದಿ ಹೇಳಿದೆ. ಲಿಂಕನ್ ಕಥೆ ಎರಡು ಸಲ ಓದಿಸಿದರು. ಮಳೆರಾಯನ ಭಾಗ ಬಂದಾಗ ಕಣ್ಣು ಒರೆಸಿಕೊಂಡರು.

ಆಗ ಸೋಮವಾರ ಸಂಜೆ ಹೋಟೆಲುಗಳೂ ಬಾಗಿಲು ಹಾಕುತ್ತಿದ್ದವಂತೆ. ಮನೆಯಲ್ಲಿ ಅಜ್ಜಿಯ ಅತ್ತೆ ಮುದ್ದೆಗೆ ಅಳೆಯುವ ರಾಗಿ ಹಿಟ್ಟನ್ನು ಆ ರಾತ್ರಿ ಬೇರೆ ಮಡಕೆಗೆ ಹಾಕಿಡುತ್ತಿದ್ದರು, ತಿಂಗಳಿಗೊಮ್ಮೆ ಅದು ಕೂಲಿಗೆ ಬರುವವರ ಮನೆಗೆ ಹೋಗುತ್ತಿತ್ತು. ಆ ಲೆಕ್ಕ ನನಗೆ ಗೊತ್ತೇ ಇರಲಿಲ್ಲ. ಶಾಸ್ತ್ರಿಯವರು ಮೊದಲು ತಮ್ಮ ಮನೆಯಲ್ಲೇ ಮಾಡಿ ನೋಡಿ ಆಮೇಲೆ ದೇಶಕ್ಕೆ ಹೇಳಿದರಂತೆ ಅಂತ ಊರಲ್ಲೆಲ್ಲಾ ಮಾತಾಡಿಕೊಳ್ಳುತ್ತಿದ್ದರು, ಅದನ್ನು ಕೇಳಿಯೇ ತಾತ ಒಪ್ಪಿದ್ದು ಅಂದರು.

ಕೊನೆಗೆ ಒಂದು ಒಪ್ಪಂದ ಆಗಿದೆ. ಊಟ ಬೇಡ, ಆದರೆ ಮಾತ್ರೆ ಜೊತೆ ಒಂದು ಲೋಟ ರಾಗಿ ಗಂಜಿಗೆ ಮಜ್ಜಿಗೆ ಹಾಕಿ ಕುಡಿಯುತ್ತಾರೆ, ಡಾಕ್ಟರು ಬೇರೆ ಏನಾದರೂ ಹೇಳುವವರೆಗೆ. ಇವತ್ತೇ ಸೋಮವಾರ. ಗಂಜಿ ಒಲೆಯ ಮೇಲಿದೆ, ಆಮೇಲೆ ಬರುತ್ತೇನೆ.