ಮೋಷನ್ ಕಂಟ್ರೋಲ್: ಚಲನೆಯ ನಿಯಂತ್ರಣವೋ, ಚಲನೆಯಿಂದ ನಿಯಂತ್ರಣವೋ?

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಬರೆಯುತ್ತಿದ್ದೇನೆ. ಮಕ್ಕಳಿಗಾಗಿ ವಿಡಿಯೋ ಗೇಮ್ ಕನ್ಸೋಲ್‌ಗಳ (ಟಿವಿಗೆ ಜೋಡಿಸಿ ಆಡುವ ಯಂತ್ರಗಳ) ಬಗ್ಗೆ ಒಂದು ಲೇಖನ ಬರೆಯಲು ಕೂತೆ. ಎರಡನೇ ಸಾಲಿಗೇ ನಿಂತುಹೋಯಿತು. ಬಟನ್ ಒತ್ತುವ ಬದಲು ಕೈ ಬೀಸಿ, ಮೈ ವಾಲಿಸಿ ಆಡುತ್ತಾರಲ್ಲ, ಆ ಮೋಷನ್ ಕಂಟ್ರೋಲ್‌ಗೆ ಕನ್ನಡದಲ್ಲಿ ಏನನ್ನಬೇಕು?

"ಚಲನೆ ನಿಯಂತ್ರಣ" ಅಂತ ಬರೆದು ಹೊಡೆದುಹಾಕಿದೆ. ನಿಯಂತ್ರಣ ಅನ್ನುವ ಪದದ ಮೊದಲು ಏನೇ ಬಂದರೂ ಅದನ್ನು ಹಿಡಿತಕ್ಕೆ ತರಬೇಕು ಅಂತಲೇ ನಮ್ಮ ಕಿವಿಗೆ ಕೇಳುತ್ತದೆ. ಬೆಲೆ ನಿಯಂತ್ರಣ, ಕೀಟ ನಿಯಂತ್ರಣ, ದಸರಾ ಬಂತೆಂದರೆ ಸಂಚಾರ ನಿಯಂತ್ರಣ. ಹಾಗಾಗಿ ಚಲನೆ ನಿಯಂತ್ರಣ ಅಂದರೆ "ಅಲುಗಾಡಬೇಡ" ಅಂದ ಹಾಗಾಗುತ್ತದೆ. ನನಗೆ ಬೇಕಿರುವುದು ಚಲನೆಯಿಂದ ಆಟ ನಡೆಸುವುದು, ಅಂದರೆ ಕಾಲುನಡಿಗೆ, ಕೈಬರಹಗಳಲ್ಲಿ ಅಡಗಿರುವ ಆ "ಇಂದ". ದೂರನಿಯಂತ್ರಣ ಸರಿಹೋಗುತ್ತದಲ್ಲ ಅಂತ ನೀವು ಕೇಳಬಹುದು. ದೂರವನ್ನು ಯಾರೂ ಹಿಡಿದಿಡಲು ಹೋಗುವುದಿಲ್ಲ, ಅದಕ್ಕೇ ಅಲ್ಲಿ ಗೊಂದಲವಿಲ್ಲ. ಚಲನೆಯನ್ನು ಹಿಡಿದಿಡಬಹುದು, ಅಲ್ವಾ?

ಆಮೇಲೆ ಸನ್ನೆ ನೆನಪಾಯಿತು. ಒಳ್ಳೆಯ ಪದ. ಸಂಜ್ಞೆಯಿಂದ ಬಂದದ್ದಾದರೂ ಕಣ್ಸನ್ನೆ, ಕೈಸನ್ನೆ ಅಂತ ಪೂರಾ ನಮ್ಮದೇ ಆಗಿದೆ. "ಸನ್ನೆಯಾಟ" ಅಂದುಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಅಮ್ಮ ಮಂಡ್ಯದಿಂದ ಬಂದರು. ಅಕ್ಕನ ಮಗ ಅವರ ಕೈಗೆ ನಿಂಟೆಂಡೊ ಕಂಪನಿಯ ವೀ ಕನ್ಸೋಲಿನ ರಿಮೋಟ್ ಕೊಟ್ಟು ಬೌಲಿಂಗ್ ಆಡಿಸಿದ. ಎರಡು ಸಲ ಕೈ ಬೀಸಿ, ಟಿವಿಯಲ್ಲಿ ಚೆಂಡು ಉರುಳಿದ್ದು ನೋಡಿ, ರಿಮೋಟನ್ನು ತಿರುಗಿಸಿ ಮುರುಗಿಸಿ ಕೇಳಿದರು: "ಇದಕ್ಕೇನು ಕಣ್ಣವಾ ಮಗ?"

ಆ ಒಂದು ಪ್ರಶ್ನೆ ನನ್ನ ಲೇಖನವನ್ನೇ ಬದಲಾಯಿಸಿತು. ಸನ್ನೆ ಸನ್ನೆಯಾಗಬೇಕಾದರೆ ನೋಡುವವರು ಬೇಕು. ಕತ್ತಲಲ್ಲಿ ಒಬ್ಬರೇ ಕೈ ಬೀಸಿದರೆ ಅದು ಸನ್ನೆಯಲ್ಲ. ಹಾಗಾದರೆ ಈ ಯಂತ್ರಗಳಲ್ಲಿ ಯಾವುದು ನೋಡುತ್ತದೆ, ಯಾವುದು ನೋಡದೆಯೇ ತಿಳಿಯುತ್ತದೆ?

2006ರಲ್ಲಿ ಬಂದ ವೀ ರಿಮೋಟಿನೊಳಗೆ ಆಕ್ಸೆಲೆರೋಮೀಟರ್ ಇದೆ, ಅಂದರೆ ವೇಗದ ಬದಲಾವಣೆ ಅಳೆಯುವ ಚಿಪ್. ಬೌಲಿಂಗ್‌ನಲ್ಲಿ ಕೈ ಬೀಸಿದ್ದನ್ನು ಅದು ನೋಡುವುದಿಲ್ಲ. ಮಂಡ್ಯ ಬಸ್ಸಿನಲ್ಲಿ ಕಣ್ಣುಮುಚ್ಚಿ ನಿಂತಿದ್ದರೂ ಡ್ರೈವರ್ ಬ್ರೇಕ್ ಹಾಕಿದ್ದು ನಮ್ಮ ಮೈಗೆ ಗೊತ್ತಾಗುವುದಿಲ್ಲವೇ, ಅದೇ ರೀತಿ. ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಏನೂ ತಿಳಿಯದು, ವೇಗ ಬದಲಾದಾಗಲೇ ಜಗ್ಗಿದ ಹಾಗಾಗುತ್ತದೆ. ಶಾಲೆಯ ಪುಸ್ತಕದಲ್ಲಿ ಇದನ್ನು ವೇಗೋತ್ಕರ್ಷ ಅನ್ನುತ್ತಾರೆ. ಮಗುವಿಗೆ "ಜಗ್ಗು" ಅಂದರೆ ಬೇಗ ಹತ್ತುತ್ತದೆ ಅಂತ ನನ್ನ ಅನಿಸಿಕೆ. ಭೂಮಿಯ ಸೆಳೆತವೂ ಅದಕ್ಕೆ ತಿಳಿಯುವುದರಿಂದ ರಿಮೋಟ್ ಸುಮ್ನೆ ಹಿಡಿದಿದ್ದಾಗ ಎತ್ತ ವಾಲಿದೆ ಅಂತಲೂ ಹೇಳಬಲ್ಲದು. ಆದರೆ ಮಣಿಕಟ್ಟು ತಿರುವಿದ್ದನ್ನು ಸರಿಯಾಗಿ ಹಿಡಿಯಲು ಅದೊಂದೇ ಸಾಲದು. ಅದಕ್ಕೇ 2009ರಲ್ಲಿ ಮೋಷನ್ ಪ್ಲಸ್ ಅಂತ ತಿರುವನ್ನು ಅಳೆಯುವ ಗೈರೋಸ್ಕೋಪ್ ಸೇರಿಸಿದರು. ಹಳೆಯ ಗೈರೋಸ್ಕೋಪ್‌ಗಳಲ್ಲಿ ಚಕ್ರವೊಂದು ಗಿರ್ರನೆ ತಿರುಗುತ್ತಿದ್ದುದರಿಂದ ಅದಕ್ಕೆ ಬುಗುರಿ ಅನ್ನಲು ಆಸೆಯಾಗುತ್ತದೆ. ಆದರೆ ಈ ಚಿಪ್‌ನಲ್ಲಿ ಯಾವುದೂ ತಿರುಗುವುದಿಲ್ಲ, ಸಣ್ಣ ಚೂರೊಂದು ನಡುಗುತ್ತಿರುತ್ತದೆ, ಅಷ್ಟೇ. ಬುಗುರಿ ಅಂದರೆ ಮಕ್ಕಳಿಗೆ ತಪ್ಪು ಚಿತ್ರ ಕೊಟ್ಟಂತೆ.

ಹಾಗಂತ ವೀ ರಿಮೋಟ್ ಕುರುಡಲ್ಲ. ಅದರ ಮೂತಿಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇದೆ. ತೆರೆಯ ಕಡೆ ಗುರಿಯಿಟ್ಟಾಗ ಟಿವಿ ಹತ್ತಿರ ಇಟ್ಟಿರುವ ಪಟ್ಟಿಯ ಎರಡು ತುದಿಯ ದೀಪಗಳನ್ನು ಅದು ನೋಡುತ್ತದೆ. ಆ ದೀಪ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅವಗೆಂಪು ಬೆಳಕು. ಆ ಪಟ್ಟಿಯ ಹೆಸರು ಸೆನ್ಸರ್ ಬಾರ್. ದಯವಿಟ್ಟು ಇದನ್ನು ಸಂವೇದಕ ಪಟ್ಟಿ ಅಂತ ಕನ್ನಡಿಸಬೇಡಿ! ಅದು ಏನನ್ನೂ ತಿಳಿಯುವುದಿಲ್ಲ, ಸುಮ್ನೆ ಉರಿಯುತ್ತದೆ. ಅದರ ಜಾಗದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟರೂ ಗುರಿ ಕೆಲಸ ಮಾಡುತ್ತದೆ. ಇಂಗ್ಲಿಷಿನ ತಪ್ಪನ್ನು ನಾವೇಕೆ ಹೊರಬೇಕು? ದೀಪಪಟ್ಟಿ ಅಂದರೆ ಸಾಕು.

2010ರಲ್ಲಿ ಸೋನಿ ಕಂಪನಿಯ ಪ್ಲೇಸ್ಟೇಷನ್ ಮೂವ್ ಬಂತು. ಇದರಲ್ಲಿ ಕಣ್ಣು, ದೀಪ ಜಾಗ ಬದಲಾಯಿಸಿಕೊಂಡಿವೆ. ಕೈಲಿರುವ ಕೋಲಿನ ತುದಿಯಲ್ಲಿ ಬಣ್ಣದ ಬೆಳಕಿನ ಉಂಡೆ, ಟಿವಿ ಹತ್ತಿರ ಕ್ಯಾಮೆರಾ. ಉಂಡೆ ದೊಡ್ಡದಾಗಿ ಕಂಡರೆ ಹತ್ತಿರವಿದೆ, ಚಿಕ್ಕದಾಗಿ ಕಂಡರೆ ದೂರ. ಕೋಲಿನೊಳಗೆ ಆಕ್ಸೆಲೆರೋಮೀಟರ್, ಗೈರೋಸ್ಕೋಪ್ ಎರಡೂ ಇವೆ.

ಅದೇ ವರ್ಷ ಮೈಕ್ರೋಸಾಫ್ಟ್‌ನ ಕಿನೆಕ್ಟ್ ಬಂತು, ಅವರದೇ ಎಕ್ಸ್‌ಬಾಕ್ಸ್ 360 ಕನ್ಸೋಲಿಗೆ. ಇದರಲ್ಲಿ ಕೈ ಖಾಲಿ. ದೀಪವೂ ಕಣ್ಣೂ ಎರಡೂ ಟಿವಿ ಬಳಿಯೇ. ಕೋಣೆಯ ಮೇಲೆಲ್ಲ ಕಾಣದ ಬೆಳಕಿನ ಚುಕ್ಕಿಗಳನ್ನು ಚೆಲ್ಲುತ್ತದೆ. ಚುಕ್ಕಿ ರಂಗೋಲಿಯನ್ನು ನೆಲದ ಮೇಲೆ ಬಿಟ್ಟು ಮೆಟ್ಟಿಲ ಮೇಲೆ ಇಟ್ಟರೆ, ಪಕ್ಕದಿಂದ ನೋಡುವವರಿಗೆ ಚುಕ್ಕಿಗಳು ಜರುಗಿದ ಹಾಗೆ ಕಾಣುತ್ತವೆ. ಆ ಜರುಗನ್ನು ಅಳೆದು ಯಾವುದು ಎಷ್ಟು ದೂರವಿದೆ ಅಂತ ಲೆಕ್ಕ ಹಾಕುತ್ತದೆ, ಅದರಲ್ಲಿ ನಿಮ್ಮ ಕೈಕಾಲು ಎಲ್ಲಿದೆ ಅಂತ ಹುಡುಕುತ್ತದೆ. 2013ರ ಕಿನೆಕ್ಟ್ ಚುಕ್ಕಿ ಬಿಟ್ಟು ಬೆಳಕು ಹೋಗಿಬರುವ ಹೊತ್ತನ್ನು ಅಳೆಯಿತು. ಹೇಗಾದರೂ, ಸನ್ನೆ ಅನ್ನುವ ಪದ ಸರಿಯಾಗಿ ಕೂರುವುದು ಕಿನೆಕ್ಟ್‌ಗೆ. ವೀ ಬೌಲಿಂಗ್‌ಗೆ ಕೂರುವುದಿಲ್ಲ.

ಮೂವ್‌ನ ಕೋಲಿಗೆ ಸನ್ನೆಗೋಲು ಅನ್ನೋಣ ಅಂದರೆ, ಆ ಹೆಸರು ಆಗಲೇ ಭಾರ ಎತ್ತುವ ಮೀಟುಗೋಲಿಗೆ ಇದೆ. ಬಿಟ್ಟುಬಿಟ್ಟೆ.

ಈಗ ನನ್ನ ಒಲವು ಕ್ರಿಯಾಪದಗಳ ಕಡೆಗೆ. ಅಮ್ಮನಿಗೆ ಒಂದೇ ಮೊರಕ್ಕೆ ಎರಡು ಮಾತಿವೆ. ಮೇಲೆ ಕೆಳಗೆ ಆಡಿಸಿದರೆ ಕೇರುವುದು, ಪಕ್ಕಕ್ಕೆ ಓಲಾಡಿಸಿದರೆ ಒನೆಯುವುದು. ಯಂತ್ರ ಕೂಡ ಹೀಗೇ ದಿಕ್ಕು ದಿಕ್ಕಿಗೆ ಬೇರೆ ಬೇರೆ ಅಳೆಯುತ್ತದೆ. ಹಾಗಿರುವಾಗ ಎಲ್ಲಕ್ಕೂ ಒಂದೇ "ಚಲನೆ" ಅನ್ನುವುದು ಬಡತನ. ಲೇಖನದಲ್ಲಿ ಬೀಸು, ವಾಲಿಸು, ತಿರುವು ಅಂತ ಬಿಡಿಬಿಡಿಯಾಗಿ ಬಳಸಿದ್ದೇನೆ. ಒಟ್ಟಿಗೆ ಹೇಳಬೇಕಾದಲ್ಲಿ "ಮೈಯಾಟದ ಗೇಮ್" ಅಂದಿದ್ದೇನೆ. ಇಲ್ಲಿ ಮೈಯಿಂದ ಆಡುವ ಆಟ ಅನ್ನುವ ಅರ್ಥ ತಾನೇ ಬರುತ್ತದೆ.

ಕೇಳಬೇಕಾದ್ದು ಎರಡು. ಮೈಯಾಟ ಅಂದರೆ ನಿಮ್ಮ ಕಡೆ ಬೇರೆ ಏನಾದರೂ ಅರ್ಥ ಬರುತ್ತದಾ? ಇನ್ನೊಂದು, ಕವಣೆ ಬೀಸುವಾಗ ಕಲ್ಲು ಬಿಡುವ ಮುಂಚೆ ಮಣಿಕಟ್ಟನ್ನು ಒಂದು ಸಲ ಚಕ್ಕನೆ ತಿರುವುತ್ತಾರಲ್ಲ, ಬರೀ ಆ ತಿರುವಿಗೆ ಮದ್ದೂರು, ಮಳವಳ್ಳಿ, ನಾಗಮಂಗಲದ ಕಡೆ ಏನಂತಾರೆ? ಗೈರೋಸ್ಕೋಪ್ ಅಳೆಯುವುದು ಅದನ್ನೇ.