ನೆರೆ ಬರುವ ಮೊದಲು ಮನೆ ಬಿಡುವ ಸಿದ್ಧತೆ: ಕೇಳಿದವರಿಗೆ ನಮ್ಮ ಅನುಭವ

ಗಂಗಾವಳಿಯ ದಂಡೆಯ ಮನೆಯಲ್ಲಿ ನಡೆಯಲಾರದ ಅತ್ತೆ, ಇಬ್ಬರು ಮಕ್ಕಳು ಮತ್ತು ಎರಡು ಆಕಳುಗಳಿರುವಾಗ, ಮಳೆಗಾಲದಲ್ಲಿ ಮನೆ ಬಿಡಬೇಕಾಗಿ ಬಂದರೆ ಹೇಗೆ ಸಿದ್ಧರಾಗಬೇಕೆಂದು ತಂಗಿಯೊಬ್ಬರು ಕೇಳಿದ್ದಾರೆ.

ತಂಗಿ, 2019ರ ಆಗಸ್ಟ್ ಮತ್ತು 2021ರ ಜುಲೈ ನೆರೆಗಳೆರಡರಲ್ಲೂ ಅಂಕೋಲಾ ತಾಲೂಕಿನ ಇದೇ ದಂಡೆಯಿಂದ ಮನೆಮಂದಿಯನ್ನು ಕರೆದುಕೊಂಡು ಹೊರಟವನು ನಾನು. ಮೊದಲ ಸಲ ನಾವು ತಡಮಾಡಿದೆವು. ಕರೆಂಟು ಹೋದ ರಾತ್ರಿಯಲ್ಲಿ, ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೊಂಟಮಟ್ಟದ ನೀರಿನಲ್ಲಿ ನಾಲ್ವರು ಹೊತ್ತು ನಡೆದೆವು, ಅವರ ಬಿ.ಪಿ. ಮಾತ್ರೆಗಳು ಕಪಾಟಿನಲ್ಲೇ ನೆನೆದುಹೋಗಿದ್ದವು. ಆಮೇಲೆ ಅಂಗಳದಂಚಿನ ತೆಂಗಿನ ಮರಕ್ಕೆ ಬಿಳಿ ಬಣ್ಣದಲ್ಲಿ ಎರಡು ಗೆರೆ ಎಳೆದೆವು. ನೀರು ಕೆಳಗಿನ ಗೆರೆ ಮುಟ್ಟಿದರೆ ಹಿರಿಯರು, ಮಕ್ಕಳು ಮತ್ತು ದನಗಳು ಹೊರಡಬೇಕು. ಮೇಲಿನ ಗೆರೆ ಮುಟ್ಟಿದರೆ ಉಳಿದವರೂ ಹೊರಡಬೇಕು. ಆಗ ಯಾರೂ ಚರ್ಚೆಗೆ ನಿಲ್ಲಬಾರದೆಂದು ಮೊದಲೇ ಒಪ್ಪಿಕೊಂಡಿದ್ದೆವು. 2021ರಲ್ಲಿ ಬೆಳಕಿರುವಾಗಲೇ ಹೊರಟಿದ್ದರಿಂದ ಅಪ್ಪ ಒಣಬಟ್ಟೆಯಲ್ಲಿಯೇ ಕಾಳಜಿ ಕೇಂದ್ರ ತಲುಪಿದರು. ಆದರೆ ಕತ್ತಲಾಗುವ ಹೊತ್ತಿಗೆ ನೀರು ಏರುತ್ತಿದ್ದರೆ ಗೆರೆಗಾಗಿಯೂ ಕಾಯಬೇಡಿ.

ನಿಮ್ಮ ಅಂಗಳದ ಮಳೆಯನ್ನಷ್ಟೇ ನೋಡಿ ನಿರ್ಧರಿಸಬೇಡಿ. ಮೇಲೆ ಬೇಡ್ತಿ ಎನಿಸಿಕೊಳ್ಳುವ ಈ ನದಿ ಧಾರವಾಡದ ಕಡೆಯಿಂದ ಬರುವುದರಿಂದ, ಕಲಘಟಗಿ, ಯಲ್ಲಾಪುರಗಳಲ್ಲಿ ಸುರಿದ ಮಳೆ ನಮ್ಮಲ್ಲಿ ಬಿಸಿಲಿದ್ದರೂ ಬಂದು ಮುಟ್ಟುತ್ತದೆ. ಅದೇ ಹೊತ್ತಿಗೆ ಸಮುದ್ರ ಉಬ್ಬರದಲ್ಲಿದ್ದರೆ ನೀರು ಬೇಗ ಇಳಿಯುವುದಿಲ್ಲ. ಯಲ್ಲಾಪುರದ ಕಡೆಯ ನೆಂಟರೊಬ್ಬರು ಮಳೆಯ ಸುದ್ದಿ ತಿಳಿಸುವಂತೆ ಮಾಡಿಕೊಳ್ಳಿ.

ಹೋಗುವ ಜಾಗ ನದಿಯಿಂದ ದೂರವಿದ್ದರೆ ಸಾಲದು, ಗುಡ್ಡದ ಬುಡದಲ್ಲೂ ಇರಬಾರದು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಗುಡ್ಡ ನದಿಗೂ ಬಿದ್ದು, ಅದರಿಂದೆದ್ದ ನೀರು ಆಚೆದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಅಂದಿನಿಂದ ನಾನು ಹೆದ್ದಾರಿಯೊಂದನ್ನೇ ನಂಬದೆ ಎರಡನೆಯ ದಾರಿಯನ್ನೂ ನೋಡಿಟ್ಟುಕೊಂಡಿದ್ದೇನೆ.

ಆಕಳುಗಳನ್ನು ಎತ್ತರದ ಕೊಟ್ಟಿಗೆಯೊಂದಕ್ಕೆ ಮೊದಲೇ ಸಾಗಿಸಿರಿ. ಸಮಯವೇ ಸಿಗದಿದ್ದರೆ ಕಣ್ಣಿ ಬಿಚ್ಚಿ ಹೊರಡಿ, ಏಕೆಂದರೆ ಕಟ್ಟಿದ ದನಕ್ಕೆ ಈಜುವ ಅವಕಾಶವೂ ಇರುವುದಿಲ್ಲ. ಆಧಾರ್, ರೇಷನ್ ಕಾರ್ಡ್, ಪಹಣಿ, ಪಾಸ್‌ಬುಕ್‌ಗಳ ಜೊತೆ ಅತ್ತೆಯವರ ಮಾತ್ರೆ ಮತ್ತು ವೈದ್ಯರ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಬಳಿ ತೂಗುಹಾಕಿ. ಹೊರಡುವಾಗ ಮೇನ್ ಸ್ವಿಚ್ ಮತ್ತು ಸಿಲಿಂಡರ್ ಬಂದ್ ಮಾಡಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಮತ್ತು ತುರ್ತುಸೇವೆಯ 112ನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ.

ಮರಳಿದಾಗ ಕೆಸರು ತೊಳೆಯುವ ಮೊದಲು ಪ್ರತಿ ಕೋಣೆಯ ಫೋಟೋ ತೆಗೆಯಿರಿ. ನಾವು ಮೊದಲು ತೊಳೆದುಬಿಟ್ಟೆವು, ಪಂಚನಾಮೆಗೆ ಬಂದವರಿಗೆ ತೋರಿಸಲು ಗೋಡೆಯ ಮೇಲಿನ ನೀರಿನ ಕಲೆಯೊಂದೇ ಉಳಿದಿತ್ತು.